ಸೈಕ್ಲಿಂಗ್ ಶೂ ಎತ್ತರ ಮಾಡಿಸುವ ಮುಂಚೆ ಇದನ್ನು ಓದಿ

ಒಂದು ಕಾಲು ಗಿಡ್ಡ ಇರುವವರು, ಪಾದದ ಕೀಲಿಗೆ ಪ್ಲೇಟ್ ಹಾಕಿಸಿಕೊಂಡವರು, ಕೀಲು ಬಿಗಿದುಕೊಂಡವರು ಯಾರಾದರೂ ಕ್ಲೀಟ್ (ಪೆಡಲಿಗೆ ಕಚ್ಚಿಕೊಳ್ಳುವ ತುಂಡು) ಇರುವ ಸೈಕ್ಲಿಂಗ್ ಶೂ ಬದಲಾಯಿಸಲು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಅಟ್ಟೆಗೂ ಕ್ಲೀಟಿಗೂ ನಡುವೆ ಮೆತ್ತನೆ ರಬ್ಬರ್ ಇಟ್ಟು, ಹಳೇ ಬೋಲ್ಟನ್ನೇ ಬಿಗಿದು ಕೊಡುವವರ ಕೈಗೆ ಶೂ ಕೊಡಬೇಡಿ. ಮೈಸೂರಿನಲ್ಲಿ ನನಗೆ ಆಗಿದ್ದು ಇದೇ.

ಹಿಂದೊಮ್ಮೆ ಬೈಕ್ ಅಪಘಾತದಲ್ಲಿ ನನ್ನ ಬಲಗಾಲು ಮುರಿದಿತ್ತು. ಮೂಳೆ ಕೂಡಿತು, ಆದರೆ ಆ ಕಾಲು ಸುಮಾರು ಒಂದು ಸೆಂಟಿಮೀಟರ್ ಗಿಡ್ಡವಾಯಿತು. ಪಾದದ ಕೀಲು ಪೂರ್ತಿ ಮಡಚುವುದಿಲ್ಲ. ಪಾದ ಸ್ವಲ್ಪ ಹೊರಕ್ಕೆ ತಿರುಗಿಕೊಂಡಿದೆ. ಮೈಭಾರವೆಲ್ಲ ಕೀಲಿನ ಮೇಲೆ ಬೀಳುವುದಿಲ್ಲ, ಸೈಕಲ್ ಹೊಡೀರಿ ಎಂದು ಫಿಸಿಯೋ ಹೇಳಿದ್ದರು. ನಿಜವಾಗಿಯೂ ಒಳ್ಳೆಯದಾಯಿತು. ಕುಕ್ಕರಹಳ್ಳಿ ಕೆರೆ ಕಡೆಯಿಂದ ಶುರುವಾಗಿದ್ದು ಚಾಮುಂಡಿ ಬೆಟ್ಟದವರೆಗೂ ಹೋಯಿತು. ಪೆಡಲ್ ಮೇಲೆ ಬಲಗಾಲು ಜಾರುತ್ತಿದ್ದುದರಿಂದ ಕ್ಲೀಟ್ ಶೂ ತೆಗೆದುಕೊಂಡೆ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಶೂ ಅಡಿಯಲ್ಲಿ ಕ್ಲೀಟ್ ಅನ್ನುವ ಚಿಕ್ಕ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಇರುತ್ತದೆ. ಅದು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ಕಾಲು ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ನನ್ನದರಲ್ಲಿ ಆ ಕ್ಲೀಟನ್ನು ಹಿಡಿದಿರುವುದು ಎರಡೇ ಬೋಲ್ಟು.

ಗಿಡ್ಡ ಕಾಲಿಗೆ ಎತ್ತರ ಕೂಡಿಸಲು ಒಂದು ಅಂಗಡಿಗೆ ಹೋದೆ. ಕಾಲಿನ ತೊಂದರೆ ಇರುವವರಿಗೆ ಶೂ ಸರಿ ಮಾಡಿಕೊಡ್ತೀವಿ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. "ಶೂ ಬಿಟ್ಟು ಹೋಗಿ ಸಾರ್, ಏನೂ ಯೋಚನೆ ಮಾಡ್ಬೇಡಿ" ಎಂದರು. ವಾಪಸ್ ಬಂದಾಗ ಅಟ್ಟೆಯ ಅಡಿಗೆ ಎಂಸಿಆರ್ ಹಾಳೆ ಅಂಟಿಸಿ, ಅದರ ಮೇಲೆ ಕ್ಲೀಟ್ ಕೂರಿಸಿದ್ದರು. ಸಕ್ಕರೆ ಕಾಯಿಲೆಯವರ ಚಪ್ಪಲಿಗೆ ಹಾಕುತ್ತಾರಲ್ಲ, ಅದೇ ರಬ್ಬರ್. ಬೋಲ್ಟ್ ಮಾತ್ರ ಹಳೆಯದೇ. ಅಟ್ಟೆ ದಪ್ಪ ಆಗಿದೆ, ಉದ್ದನೆ ಬೋಲ್ಟ್ ಬೇಡ್ವಾ ಎಂದು ಕೇಳಿದೆ. "ಚೆನ್ನಾಗಿ ಟೈಟ್ ಮಾಡಿದ್ದೀವಿ ಸಾರ್, ಎಷ್ಟೋ ಜನಕ್ಕೆ ಹಿಂಗೇ ಮಾಡಿರೋದು" ಎಂದು ಬಾಯಿ ಮುಚ್ಚಿಸಿದರು.

ನಡೆಯುವ ಪಾದಕ್ಕೆ ಎಂಸಿಆರ್ ತುಂಬಾ ಒಳ್ಳೆಯದು. ಅದು ಒತ್ತಿದರೆ ತಗ್ಗುತ್ತದೆ, ಅದಕ್ಕೇ ಅಂಗಾಲಿಗೆ ಹಿತ. ಆದರೆ ಕ್ಲೀಟ್ ಅಡಿಯಲ್ಲಿ ಆ ಗುಣವೇ ಅಪಾಯ. ಪ್ರತಿ ಸಲ ತುಳಿದಾಗಲೂ ರಬ್ಬರ್ ತಗ್ಗಿ ಏಳುತ್ತದೆ. ಬೋಲ್ಟಿನ ಬಿಗಿ ನಿಲ್ಲುವುದು ಒಂದು ಗಟ್ಟಿ ವಸ್ತು ಇನ್ನೊಂದು ಗಟ್ಟಿ ವಸ್ತುವನ್ನು ಒತ್ತಿ ಹಿಡಿದಾಗ. ಮಧ್ಯೆ ಮೆತ್ತನೆಯದು ಬಂದರೆ ಬಿಗಿ ಸಡಿಲವಾಗುತ್ತಲೇ ಹೋಗುತ್ತದೆ. ಆಮೇಲೆ ಬಿಚ್ಚಿ ನೋಡಿದಾಗ ಇನ್ನೂ ಗಾಬರಿಯಾಯಿತು. ರಬ್ಬರನ್ನು ಅಮುಕಿ ಹಿಡಿದು, ಬೋಲ್ಟಿನ ತುದಿಯ ಒಂದೆರಡು ಸುತ್ತು ಥ್ರೆಡ್ಡನ್ನು ಹೇಗೋ ಒಳಗೆ ಹಿಡಿಸಿದ್ದರು, ಅಷ್ಟೇ.

ಬೆಟ್ಟ ಇಳಿದು ಊರೊಳಗೆ ಬಂದಿದ್ದೆ. ಸಿಗ್ನಲ್ ಕೆಂಪಾಯಿತು. ನಿಲ್ಲಿಸಿ ಬಲಗಾಲಿನ ಹಿಮ್ಮಡಿ ತಿರುಗಿಸಿದೆ. ಶೂ ತಿರುಗಿತು, ಕ್ಲೀಟ್ ತಿರುಗಲಿಲ್ಲ. ಒಂದು ಬೋಲ್ಟ್ ದಾರಿಯಲ್ಲೇ ಎಲ್ಲೋ ಉದುರಿತ್ತು. ಉಳಿದ ಒಂದೇ ಬೋಲ್ಟಿನ ಸುತ್ತ ಶೂ ಸುಮ್ನೆ ತಿರುಗುತ್ತಿತ್ತು, ಕ್ಲೀಟ್ ಪೆಡಲನ್ನು ಕಚ್ಚಿಕೊಂಡೇ ಇತ್ತು. ಹಾಗಾದಾಗ ಎಷ್ಟು ತಿರುಚಿದರೂ ಕಾಲು ಬರುವುದಿಲ್ಲ. ಬಲಕ್ಕೆ, ಅದೇ ಕಾಲಿನ ಮೇಲೆ ದಬಕ್ಕನೆ ಬಿದ್ದೆ. ಹಿಂದೆ ಸಿಟಿ ಬಸ್ಸಿತ್ತು, ಡ್ರೈವರ್ ಸಮಯಕ್ಕೆ ಬ್ರೇಕ್ ಹಾಕಿದರು. ಪಕ್ಕದ ಎಳನೀರು ಗಾಡಿಯವರು ಓಡಿ ಬಂದು, "ಅಲ್ಲಾಡ್ಬೇಡಿ ಸಾರ್" ಎಂದು ಶೂ ಪಟ್ಟಿ ಬಿಚ್ಚಿ ಕಾಲು ಹೊರಗೆ ತೆಗೆದರು. ಶೂ ಪೆಡಲಿಗೇ ನೇತಾಡುತ್ತಿತ್ತು.

ಮೂಳೆ ಮುರಿದಿರಲಿಲ್ಲ. ಆದರೆ ಮೊದಲೇ ಬಿಗಿದಿದ್ದ ಕೀಲಿನ ಲಿಗಮೆಂಟ್ ಹರಿದು, ವಾರಗಟ್ಟಲೆ ಪಾದ ಊರಲು ಆಗಲಿಲ್ಲ. ಬಹಳ ಕಷ್ಟಪಟ್ಟು ಗಳಿಸಿದ್ದ ಚಲನೆ ಮತ್ತೆ ಹಿಂದಕ್ಕೆ ಹೋಯಿತು. ನನಗೆ ಬೇಜಾರಾಗಿದ್ದು ಅದಕ್ಕೇ. ಅಂಗಡಿಯವರು ದುಡ್ಡೂ ಕೊಡಲಿಲ್ಲ, ತಪ್ಪೂ ಒಪ್ಪಲಿಲ್ಲ. ನೀವು ಸರಿಯಾಗಿ ಕಾಲು ತಿರುಗಿಸಿಲ್ಲ ಎಂದರು.

ಹಾಗಂತ ಶೂ ಎತ್ತರ ಮಾಡಿಸುವುದೇ ತಪ್ಪಲ್ಲ. ಸರಿಯಾದ ರೀತಿ ಇದೆ. ಅಟ್ಟೆಗೂ ಕ್ಲೀಟಿಗೂ ನಡುವೆ ಬರುವ ಶಿಮ್, ಅಂದರೆ ಎತ್ತರ ಕೊಡುವ ಬಿಲ್ಲೆ, ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದಾಗಿರಬೇಕು. ಶಿಮ್ ಎಷ್ಟು ದಪ್ಪವೋ ಬೋಲ್ಟ್ ಅಷ್ಟು ಉದ್ದ ಜಾಸ್ತಿ ಇರಬೇಕು. ಶಿಮಾನೋ ಕಂಪನಿಯ ಎರಡು ಬೋಲ್ಟಿನ ಕ್ಲೀಟಿಗೆ 5ರಿಂದ 6 ನ್ಯೂಟನ್ ಮೀಟರ್ ಬಿಗಿ ಬೇಕು, ಅದನ್ನು ಬಿಗಿ ಅಳೆಯುವ ಟಾರ್ಕ್ ರೆಂಚಿನಲ್ಲೇ ನೋಡಬೇಕು. ಇರುವ ವ್ಯತ್ಯಾಸವನ್ನೆಲ್ಲ ಒಂದೇ ಸಲ ಕೂಡಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ಸೊಂಟ, ಮಂಡಿ ಏನು ಹೇಳುತ್ತವೆ ನೋಡಿ. ಎತ್ತರ ಬದಲಾದ ಮೇಲೆ ಸೀಟನ್ನೂ ಮತ್ತೆ ಹೊಂದಿಸಬೇಕು. ಕಾರ್ಬನ್ ಅಟ್ಟೆಗೆ ಹೊಸ ತೂತು ಕೊರೆಯಲು ಯಾರಿಗೂ ಬಿಡಬೇಡಿ, ಅದು ಸೀಳುತ್ತದೆ.

ಕೀಲಿನ ತೊಂದರೆಗೆ ಶೂ ಕೆಡಿಸದೆಯೂ ದಾರಿಗಳಿವೆ. ಕ್ಲೀಟನ್ನು ಇರುವ ಜಾಗದಲ್ಲೇ ಹಿಮ್ಮಡಿ ಕಡೆಗೆ ಸರಿಸಿದರೆ ಮೀನಖಂಡಕ್ಕೂ ಕೀಲಿಗೂ ಕೆಲಸ ಕಡಿಮೆಯಾಗುತ್ತದೆ. ಪಾದ ಹೊರಕ್ಕೆ ತಿರುಗಿದ್ದರೆ ಕ್ಲೀಟನ್ನೂ ಅದೇ ಕೋನಕ್ಕೆ ತಿರುಗಿಸಿ, ಪಾದವನ್ನು ನೇರ ಮಾಡಲು ಹೋಗಬೇಡಿ. ಶಿಮಾನೋದ ರೋಡ್ ಪೆಡಲ್ ಇದ್ದರೆ ಹಳದಿ ಕ್ಲೀಟ್ 6 ಡಿಗ್ರಿ ಆಡಲು ಬಿಡುತ್ತದೆ, ಕೆಂಪಿನದು ಒಂದಿಷ್ಟೂ ಬಿಡುವುದಿಲ್ಲ. ನಮ್ಮಂಥವರಿಗೆ ಕೆಂಪು ಬೇಡವೇ ಬೇಡ. ಪೆಡಲು ಕ್ಲೀಟನ್ನು ಹಿಡಿಯುವ ಬಿಗಿಯನ್ನು ಅತಿ ಕಡಿಮೆಗೆ ಇಡಿ. ಇದೆಲ್ಲ ಬೇಡ ಎನಿಸಿದರೆ ಮುಳ್ಳಿರುವ ಸಾದಾ ಪೆಡಲ್ ಹಾಕಿಸಿ, ನಾನು ಈಗ ಅದರಲ್ಲೇ ಬೆಟ್ಟ ಹತ್ತುತ್ತಿದ್ದೇನೆ.

ನೀವು ಈಗಾಗಲೇ ಎತ್ತರ ಮಾಡಿಸಿದ್ದರೆ ಇವತ್ತೇ ಶೂ ತಿರುಗಿಸಿ ನೋಡಿ. ಕ್ಲೀಟ್ ಪಕ್ಕದ ಪದರಕ್ಕೆ ಉಗುರು ಒತ್ತಿ. ಗುಳಿ ಬಿದ್ದರೆ ಅದು ಮೆತ್ತನೆಯದು. 4 ಎಂಎಂ ಅಲೆನ್ ಕೀಯಲ್ಲಿ ಬೋಲ್ಟ್ ಪೂರ್ತಿ ಬಿಚ್ಚುತ್ತಾ ಸುತ್ತು ಎಣಿಸಿ. ಒಂದೆರಡು ಸುತ್ತಿಗೇ ಹೊರಗೆ ಬಂದರೆ ನಾಳೆ ಬೆಳಿಗ್ಗೆ ಆ ಶೂ ಹಾಕಿಕೊಂಡು ಹೊರಡಬೇಡಿ.