ರೀಚಾರ್ಜಬಲ್ ಸೆಲ್ ಗಟ್ಟಿ, ಕಿಟ್ ಜೊತೆಗಿನ ಚಾರ್ಜರ್ ದಂಡ

ರೀಚಾರ್ಜಬಲ್ ಪೆನ್ಸಿಲ್ ಸೆಲ್ (ನಿಕಲ್-ಮೆಟಲ್ ಹೈಡ್ರೈಡ್ ಬಗೆಯದು) ಆರೇ ತಿಂಗಳಿಗೆ ಕೈಕೊಟ್ಟಿತು ಎಂದು ದೂರುವವರು ಬಹಳ. ವರ್ಷಗಟ್ಟಲೆ ಬಳಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಹೆಚ್ಚಿನ ಸಲ ತಪ್ಪು ಸೆಲ್ಲಿನದಲ್ಲ, ಕಿಟ್ ಜೊತೆ ಕೊಡುವ ಅಗ್ಗದ ಚಾರ್ಜರಿನದು.

ಸೆಲ್ ತುಂಬಿದ್ದು ಆ ಚಾರ್ಜರಿಗೆ ಗೊತ್ತೇ ಆಗುವುದಿಲ್ಲ. ಟೈಮರ್ ಮುಗಿಯುವವರೆಗೆ, ಏಳೆಂಟು ಗಂಟೆ, ಎರಡೆರಡು ಸೆಲ್‌ಗಳಿಗೆ ಒಟ್ಟಿಗೆ ಕರೆಂಟ್ ಹರಿಸುತ್ತದೆ. ಅರ್ಧ ಖಾಲಿಯಾದ ಸೆಲ್ ಇಟ್ಟರೂ ಅಷ್ಟೇ ಹೊತ್ತು. ತುಂಬಿದ ಮೇಲೆ ಹೋದ ಕರೆಂಟೆಲ್ಲ ಶಾಖವಾಗುತ್ತದೆ, ಒಳಗಿನ ಒತ್ತಡ ಏರಿ ಸೇಫ್ಟಿ ವಾಲ್ವ್ ತೆರೆದುಕೊಳ್ಳುತ್ತದೆ, ಒಳಗಿನ ರಾಸಾಯನಿಕ ದ್ರವ (ಎಲೆಕ್ಟ್ರೊಲೈಟ್) ಒಣಗುತ್ತ ಬರುತ್ತದೆ. ಇಂಥ ಸೆಲ್ ಮಲ್ಟಿಮೀಟರಿನಲ್ಲಿ 1.3 ವೋಲ್ಟ್ ತೋರಿಸಿದರೂ ಬಿಪಿ ಮಷಿನ್ನಿನ ಪಂಪ್ ಶುರುವಾದ ಕೂಡಲೇ ಕುಸಿಯುತ್ತದೆ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಸೆಲ್ ಮಾತ್ರ ಹಾಕಿ ನೋಡಿ. ಲೈಟ್ ಹತ್ತದಿದ್ದರೆ ಅದು ಜೋಡಿ ಚಾರ್ಜರ್, ಬಿಟ್ಟುಬಿಡಿ. ಪ್ರತಿ ಸೆಲ್ಲನ್ನೂ ಬೇರೆಬೇರೆ ಅಳೆದು, ತುಂಬಿದಾಗ ವೋಲ್ಟೇಜ್ ತುಸು ಇಳಿಯುವುದನ್ನು ಹಿಡಿದು ನಿಲ್ಲಿಸುವ ‘ಸ್ಮಾರ್ಟ್’ ಚಾರ್ಜರ್ ಬೇಕು. 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಸೆಲ್ಲಿಗೆ 500ರಿಂದ 1000 ಮಿಲಿಆಂಪ್ ಕರೆಂಟ್ ಸರಿ. ಇನ್ನೂ ನಿಧಾನ ಮಾಡಿದರೆ ಆ ಇಳಿತ ಚಾರ್ಜರಿಗೆ ಸಿಗದೇ ಹೋಗಬಹುದು.

ದೊಡ್ಡ ಎಂಎಎಚ್ ನಂಬರಿಗೂ ಮರುಳಾಗಬೇಡಿ. ಸುಮ್ಮನೆ ಇಟ್ಟರೂ ಚಾರ್ಜ್ ಬೇಗ ಇಳಿಯದ ಸೆಲ್ಲನ್ನು ಸ್ಯಾನ್ಯೊ 2005ರಲ್ಲಿ ಎನೆಲೂಪ್ ಹೆಸರಲ್ಲಿ ತಂದಿತು. ಈಗ ಪ್ಯಾನಸಾನಿಕ್ ಹೆಸರಲ್ಲಿ ಬರುವ ಅದೇ ಸಾಲಿನಲ್ಲಿ ಸಾಮಾನ್ಯ 2000ದ ಸೆಲ್ಲಿಗೆ ಕಂಪನಿ ಹೇಳುವುದು 2100 ಸಲ ಚಾರ್ಜ್, 2500ರ ಪ್ರೊಗೆ 500 ಸಲ ಮಾತ್ರ. ಮನೆಗೆ ಮೊದಲನೆಯದೇ ಸಾಕು.

ಮಾರ್ಕರ್ ಪೆನ್ನಿನಲ್ಲಿ ಸೆಲ್ ಮೇಲೆ ಅ, ಆ, ಇ ಎಂದು ಗುಂಪಿನ ಗುರುತು, ಕೊಂಡ ತಿಂಗಳು ಬರೆದಿಡಿ. ಡಬ್ಬಿಯಲ್ಲಿ ತುಂಬಿದ್ದರ ಪ್ಲಸ್ ಮೇಲೆ, ಖಾಲಿಯದು ಕೆಳಗೆ. ಹಳೆಯದು ಹೊಸದು ಬೆರೆಸಿದರೆ ಬಡಕಲು ಸೆಲ್ ಮೊದಲು ಖಾಲಿಯಾಗಿ, ಉಳಿದವು ಅದರ ಪ್ಲಸ್ ಮೈನಸ್ ಉಲ್ಟಾ ಆಗುವಂತೆ ಕರೆಂಟ್ ತಳ್ಳುತ್ತವೆ. ಟಾರ್ಚ್ ಆರಿಸಲು ಮರೆತ ರಾತ್ರಿ ಆಗುವುದು ಇದೇ.

ಇಷ್ಟು ಬೈದ ಆ ಚಾರ್ಜರನ್ನು ಮಾತ್ರ ಎಸೆಯಬೇಡಿ, ಅದಕ್ಕೂ ಒಂದು ಕೆಲಸವಿದೆ. ವೋಲ್ಟೇಜ್ ತೀರಾ ಕೆಳಗಿಳಿದ ಸೆಲ್ಲನ್ನು ಎಷ್ಟೋ ಸ್ಮಾರ್ಟ್ ಚಾರ್ಜರ್‌ಗಳು ಸತ್ತಿದೆ ಎಂದು ತಳ್ಳಿಹಾಕುತ್ತವೆ. ಅಂಥ ಎರಡನ್ನು ಹಳೆಯ ಚಾರ್ಜರಿನಲ್ಲಿ ಐದರಿಂದ ಹತ್ತು ನಿಮಿಷ ಇಟ್ಟು, ಪಕ್ಕದಲ್ಲೇ ಇದ್ದು, ಆಮೇಲೆ ಸ್ಮಾರ್ಟ್ ಚಾರ್ಜರಿಗೆ ಹಾಕಿ. ಬಹಳಷ್ಟು ಎದ್ದು ಕೂರುತ್ತವೆ. ಕೈಗೆ ಸುಟ್ಟರೆ ಅಥವಾ ಮತ್ತೆ ಎರರ್ ಬಂದರೆ ಅದರ ಆಯಸ್ಸು ಮುಗಿಯಿತು.

ಗೋಡೆ ಗಡಿಯಾರಕ್ಕೆಂದೇ ರೀಚಾರ್ಜಬಲ್ ಸೆಲ್ ಕೊಳ್ಳುವುದು ದುಡ್ಡಿನ ದಂಡ. ಅಲ್ಲಿ ಒಂದು ಮಾಮೂಲಿ ಸೆಲ್ ವರ್ಷ ಓಡುತ್ತದೆ. ಆಟಿಕೆ, ಬಿಪಿ ಮಷಿನ್ನಿನಲ್ಲಿ ಬಳಲಿದ ಸೆಲ್ಲಿಗೆ ಮಾತ್ರ ಗಡಿಯಾರ ಒಳ್ಳೆಯ ಜಾಗ. ಡಿಜಿಟಲ್ ಬಾಗಿಲ ಬೀಗಕ್ಕೆ ಬೇಡವೇ ಬೇಡ: ಅದರ ಬ್ಯಾಟರಿ ಸೂಚಕವನ್ನು 1.5 ವೋಲ್ಟಿನ ಆಲ್ಕಲೈನ್ ಸೆಲ್ಲಿನ ಲೆಕ್ಕಕ್ಕೆ ಕೂರಿಸಿರುತ್ತಾರೆ, ರೀಚಾರ್ಜಬಲ್ ಹಾಕಿದರೆ ಎಚ್ಚರಿಕೆ ಕೊಡದೆ ನಿಂತುಬಿಡಬಹುದು.

ಸತ್ತ ಸೆಲ್ಲಿನಲ್ಲಿ ಮರಳಿ ತೆಗೆಯಬಹುದಾದ ನಿಕಲ್ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಇಂಥ ಚಿಕ್ಕ ಸೆಲ್‌ಗಳಿಗೂ ಅನ್ವಯಿಸುತ್ತವೆ. ಕಸದ ಬುಟ್ಟಿಗೆ ಹಾಕದೆ ಬೇರೆ ಡಬ್ಬಿಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.