ಉಡುಪಿಯಿಂದ ಬೆಂಗಳೂರಿಗೆ: ವಿಮಾನವೋ, ರೈಲೋ, ಬಸ್ಸೋ?

ಮಂಗಳೂರಿನಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ರಸ್ತೆಯಲ್ಲಿ 350ರ ಆಸುಪಾಸು. ಟಿಕೆಟ್‌ನಲ್ಲಿ ವಿಮಾನಕ್ಕೆ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಗಾಳಿಯಲ್ಲಿ ಇರುವುದು ಅದಕ್ಕಿಂತ ಕಡಿಮೆ. ಆದರೆ ನಮ್ಮ ಮನೆ ಉಡುಪಿಯಲ್ಲಿ, ನಾನು ಹೋಗುವುದು ಜಯನಗರಕ್ಕೆ. ಮೂರೂ ದಾರಿಯಲ್ಲಿ ಓಡಾಡಿದ್ದೇನೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ಚಿತ್ರವೇ ಬೇರೆ.

ಮೊದಲು ವಿಮಾನ. ಮೂಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ದಾಟಿ ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ ತಲುಪಲು ಒಂದೂವರೆ ಗಂಟೆ ಇಟ್ಟುಕೊಳ್ಳಲೇಬೇಕು. ಚೆಕ್-ಇನ್, ತಪಾಸಣೆ ಅಂತ ಇನ್ನೊಂದೂವರೆ ಗಂಟೆ. ಇಳಿಯುವುದು ಬೆಂಗಳೂರಿನ ಉತ್ತರಕ್ಕಿರುವ ದೇವನಹಳ್ಳಿಯಲ್ಲಿ. ಅಲ್ಲಿಂದ ಜಯನಗರಕ್ಕೆ ಟ್ರಾಫಿಕ್ ಇದ್ದರೆ ಎರಡು ಗಂಟೆ. ಒಟ್ಟು ಆರು ಗಂಟೆ ದಾಟುತ್ತದೆ, ಅದೂ ಹಗಲಿನ ಆರು ಗಂಟೆ. ಮಳೆಗಾಲದಲ್ಲಿ ಇನ್ನೊಂದು ತಲೆಬಿಸಿ. ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ. ಮೋಡ ಕವಿದರೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುವುದುಂಟು.

ನನಗೆ ಹೊಂದಿದ್ದು ಪಂಚಗಂಗಾ ರೈಲು. ಮೊದಲು ಬೆಂಗಳೂರು–ಕಾರವಾರ ರಾತ್ರಿ ರೈಲು ಮಂಗಳೂರು ಸೆಂಟ್ರಲ್‌ಗೆ ಹೋಗಿ, ಎಂಜಿನ್ ತಿರುಗಿಸಿಕೊಂಡು ಬರುತ್ತಿತ್ತು. ಅಲ್ಲೇ ಎಷ್ಟೋ ಹೊತ್ತು ಹಾಳು. ಪಂಚಗಂಗಾ ಸೆಂಟ್ರಲ್‌ಗೆ ಹೋಗದೆ, ಮಂಗಳೂರಿನ ಹೊರವಲಯದ ಪಡೀಲಿನಲ್ಲೇ ಬೈಪಾಸ್ ಹಿಡಿಯುತ್ತದೆ. ಮನೆಯಲ್ಲಿ ಊಟ ಮುಗಿಸಿ ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹತ್ತು ಗಂಟೆ ಹಿಡಿಯುತ್ತದೆ, ನಿಜ. ಆದರೆ ಅದರಲ್ಲಿ ಹೆಚ್ಚಿನದು ನಿದ್ದೆಗೇ ಹೋಗುತ್ತದೆ ಅಲ್ವಾ? ಅಮ್ಮನಿಗಂತೂ ಕಾಲು ಚಾಚಿ ಮಲಗಲು ಸಿಗುವುದೇ ದೊಡ್ಡ ಸಮಾಧಾನ.

ರೈಲು ನಿಧಾನ ಆಗಲು ಘಾಟಿಯೇ ಕಾರಣ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿ.ಮೀ., ಅಷ್ಟರಲ್ಲಿ 57 ಸುರಂಗ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವಷ್ಟು ಏರು. ಅದಕ್ಕೇ ಹೆಚ್ಚುವರಿ ಎಂಜಿನ್ ಸೇರಿಸಿ ಹತ್ತಿಸುತ್ತಾರೆ. ರಾತ್ರಿ ರೈಲಿನಲ್ಲಿ ಇದೇನೂ ಕಾಣುವುದಿಲ್ಲ. ಪುರುಸೊತ್ತಿದ್ದರೆ ಒಮ್ಮೆಯಾದರೂ ಮಂಗಳೂರು ಜಂಕ್ಷನ್‌ನಿಂದ ಹಗಲು ರೈಲು ಹಿಡಿಯಿರಿ. 2021ರಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ. ಮಳೆ ನಿಂತ ಹೊಸತರಲ್ಲಿ ಆ ಕಾಡು, ಆ ತೊರೆಗಳನ್ನು ನೋಡಿಯೇ ತಿಳಿಯಬೇಕು.

ಬಸ್ಸಿಗೆ ಎಂಟೊಂಬತ್ತು ಗಂಟೆ. ಕೊನೇ ಗಳಿಗೆಯಲ್ಲೂ ಸೀಟು ಸಿಗುತ್ತದೆ, ಬೆಂಗಳೂರಲ್ಲಿ ಬೇಕಾದ ಕಡೆ ಇಳಿಸುತ್ತಾರೆ. ಆದರೆ ಶಿರಾಡಿ ಘಾಟಿ ರಸ್ತೆಯ ತಿರುವುಗಳಲ್ಲಿ ಸ್ಲೀಪರ್‌ನಲ್ಲೂ ನನಗೆ ನಿದ್ದೆ ಬರುವುದಿಲ್ಲ. ಜೋರು ಮಳೆಗೆ ಗುಡ್ಡ ಜರಿದರೆ ದಾರಿಯೇ ಬಂದ್. ಜೂನ್‌ನಿಂದ ಆಗಸ್ಟ್‌ವರೆಗೆ ಬಸ್ಸು ಬೇಡ ಅನ್ನುತ್ತೇನೆ. ರೈಲು ಹಳಿಯ ಮೇಲೂ ಮಣ್ಣು ಬೀಳುತ್ತದೆ, ಹಾಗಾಗಿ ಹೊರಡುವ ದಿನ ರೈಲಿನ ಸ್ಥಿತಿ ನೋಡಿಕೊಳ್ಳಿ.

ಮಂಗಳೂರು ಪೇಟೆಯವರ ಲೆಕ್ಕ ಬೇರೆ. ಅವರಿಗೆ ಬಜ್ಪೆ ಹತ್ತಿರ. ಕೆಲಸ ದೇವನಹಳ್ಳಿಗೆ ಹತ್ತಿರದ ಹೆಬ್ಬಾಳ, ಯಲಹಂಕದ ಕಡೆ ಇದ್ದು ಅದೇ ದಿನ ವಾಪಸ್ ಬರಬೇಕೆಂದರೆ ವಿಮಾನವೇ ಸರಿ. ಉಡುಪಿಯವರು ರೈಲಿನ ಟಿಕೆಟ್ ಬೇಗ ಮಾಡಿಸಿ. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಶುಕ್ರವಾರ, ಭಾನುವಾರದ ಬರ್ತ್‌ಗಳು ಬಹಳ ಬೇಗ ಖಾಲಿಯಾಗುತ್ತವೆ.