ರೀಮ್ಯಾಪ್ ಮಾಡಿಸಿದ ಪೋಲೋ, ಐದು ವರ್ಷದ ಇನ್ಶೂರೆನ್ಸ್: ತುಮಕೂರಿನ ಅನುಭವ

ಗಾಡಿ ಫೋಕ್ಸ್‌ವ್ಯಾಗನ್ ಪೋಲೋ 1.0 ಟಿಎಸ್‌ಐ ಕಾರು. 2020ರ ಅಕ್ಟೋಬರ್‌ನಲ್ಲಿ ಹೊಸದಾಗಿ ತಗೊಂಡದ್ದು, ಕೆಎ 06 ನಂಬರ್. ಐದು ವರ್ಷದಿಂದ ಒಂದೇ ಇನ್ಶೂರೆನ್ಸ್ ಕಂಪನಿ. ಹೆಸರು ಹಾಕುವುದಿಲ್ಲ, ಯಾಕೆಂದರೆ ನನಗೆ ಕೆಲಸ ಮಾಡಿಕೊಟ್ಟಿದ್ದು ಕಂಪನಿ ಅಲ್ಲ, ತುಮಕೂರು ಬ್ರಾಂಚ್‌ನ ಒಬ್ಬರು ಮೇಡಂ. ಐದಕ್ಕೆ ಮೂರೂವರೆ ಮಾರ್ಕ್ಸ್ ಕೊಡುತ್ತೇನೆ.

ಮೊದಲು ತಪ್ಪೊಪ್ಪಿಗೆ. 2021ರಲ್ಲಿ ಬೆಂಗಳೂರಿಗೆ ಹೋಗಿ ಸ್ಟೇಜ್ 1 ರೀಮ್ಯಾಪ್ ಮಾಡಿಸಿದೆ, ಅಂದರೆ ಇಂಜಿನ್‌ನ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸಿ ಪವರ್ ಹೆಚ್ಚಿಸುವುದು. ಜೊತೆಗೆ ಇಂಜಿನ್‌ಗೆ ಗಾಳಿ ಎಳೆಯುವ ಇನ್‌ಟೇಕ್ ಕೂಡ ಬದಲಾಯಿಸಿದೆ. ಕಂಪನಿ ಪವರ್ 110 ಪಿಎಸ್, ಟ್ಯೂನರ್ ಪವರ್ ಅಳೆದು ಕೊಟ್ಟ ಡೈನೋ ಶೀಟ್‌ನಲ್ಲಿ 136 ಅಂತಿತ್ತು. ವಾಪಸ್ ಬರುವಾಗ ದಾಬಸ್‌ಪೇಟೆ ದಾಟಿದ ಮೇಲೆ ಮೂರನೇ ಗೇರ್‌ನಲ್ಲಿ ಒಂದು ಸಲ ಒತ್ತಿದೆ ನೋಡಿ, ಕ್ಯಾತ್ಸಂದ್ರ ಟೋಲ್‌ವರೆಗೂ ಮುಖದಲ್ಲಿ ನಗು ಹೋಗಲಿಲ್ಲ. ಇನ್ಶೂರೆನ್ಸ್ ಏಜೆಂಟ್‌ಗೆ ಫೋನ್ ಮಾಡಿ ಹೇಳಿದರೆ, "ಸುಮ್ನಿರಿ ಸರ್, ಯಾರು ಬೋನೆಟ್ ಎತ್ತಿ ನೋಡ್ತಾರೆ" ಅಂದರು. ನನಗೂ ಅದೇ ಬೇಕಿತ್ತು. ಆ ವರ್ಷ ಹಾಗೇ ರಿನ್ಯೂ ಆಯಿತು.

2022ರ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಮಾಡಲು ಬೇರೆ ಏನೂ ಇಲ್ಲದೆ ಮೊಬೈಲ್‌ನಲ್ಲಿ ಪಾಲಿಸಿಯ ಪಿಡಿಎಫ್ ತೆಗೆದು ಓದಿದೆ, ಜೀವಮಾನದಲ್ಲೇ ಮೊದಲ ಸಲ. ಮುಖ್ಯವಾದ ವಿಷಯ ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು ಅಂತ ಸಣ್ಣಕ್ಷರದಲ್ಲಿ ಇತ್ತು. ಗಾಡಿ ಜಜ್ಜಿದರೆ ನನ್ನ ದುಡ್ಡು ಹೋಗುತ್ತೆ, ಹೋಗಲಿ. ಆದರೆ ಬೇರೆಯವರಿಗೆ ಹೊಡೆದರೆ? ಪಾಲಿಸಿಯ ಷರತ್ತು ಮುರಿದ ಎಷ್ಟೋ ಕೇಸುಗಳಲ್ಲಿ ಕೋರ್ಟ್‌ಗಳು ಕಂಪನಿಗೆ ಮೊದಲು ಪರಿಹಾರ ಕೊಡಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅಂತ ಹೇಳಿವೆ. ಆ ವಸೂಲಿಗೆ ನಮ್ಮಂಥವರು ಸೈಟು ಮಾರಬೇಕಾಗುತ್ತದೆ. ಅವತ್ತು ನಿದ್ದೆ ಸರಿಯಾಗಿ ಬರಲಿಲ್ಲ.

ಅಕ್ಟೋಬರ್‌ನಲ್ಲಿ ರಿನ್ಯೂವಲ್ ಬಂತು. ಆನ್‌ಲೈನ್ ಫಾರಂನಲ್ಲಿ ಸಿಎನ್‌ಜಿ ಕಿಟ್ ಇದೆಯಾ ಅಂತ ಕೇಳುತ್ತಾರೆ, ಎಲೆಕ್ಟ್ರಿಕಲ್ ಆಕ್ಸೆಸರೀಸ್ ಎಷ್ಟು ರೂಪಾಯಿದು ಅಂತ ಕೇಳುತ್ತಾರೆ. ರೀಮ್ಯಾಪ್‌ಗೆ ಜಾಗವೇ ಇಲ್ಲ. ಕಸ್ಟಮರ್ ಕೇರ್ ಹುಡುಗ "ಪರವಾಗಿಲ್ಲ ಸರ್, ನೋಟ್ ಮಾಡ್ಕೊಂಡಿದ್ದೀನಿ" ಅಂದ. ಎಲ್ಲಿ ನೋಟ್ ಮಾಡಿಕೊಂಡನೋ ದೇವರಿಗೇ ಗೊತ್ತು. ಮೇಲ್ ಕಳಿಸಿದರೆ ಥ್ಯಾಂಕ್ಸ್ ಹೇಳುವ ಆಟೋಮ್ಯಾಟಿಕ್ ಉತ್ತರ ಬಂತು.

ಕೊನೆಗೆ ಬಿಲ್ಲು, ಡೈನೋ ಶೀಟು, ಫೋಟೋ ಎಲ್ಲ ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿಕೊಂಡು ಬ್ರಾಂಚ್‌ಗೆ ಹೋದೆ. ಅಲ್ಲಿನ ಮೇಡಂ ಫೈಲ್ ತಿರುವಿ, "ರೀಮ್ಯಾಪ್ ಅಂದ್ರೆ ಜಿಪಿಎಸ್ ಮ್ಯಾಪಾ? ಅದಕ್ಯಾಕೆ ಹೇಳ್ಬೇಕು?" ಅಂದರು. ನಗು ಬಂತು, ತಡೆದುಕೊಂಡೆ. ಇಂಜಿನ್‌ನ ಕಂಪ್ಯೂಟರ್‌ನಲ್ಲಿ ಪೆಟ್ರೋಲ್ ಎಷ್ಟು, ಟರ್ಬೋ ಪ್ರೆಶರ್ ಎಷ್ಟು ಅನ್ನುವ ಲೆಕ್ಕ ಇರುತ್ತೆ, ಅದನ್ನು ಬದಲಾಯಿಸಿದ್ದೀನಿ, ಪವರ್ ಜಾಸ್ತಿ ಆಗಿದೆ ಅಂತ ಹೇಳಿದೆ. ಅವರು ನಿಧಾನವಾಗಿ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡರು. ಆಮೇಲೆ ಬೆಂಗಳೂರು ಆಫೀಸಿಗೆ ನನ್ನ ಎದುರಿಗೇ ಎರಡು ಸಲ ಫೋನ್ ಮಾಡಿದರು. ಮೂರನೇ ದಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಒಬ್ಬ ಹುಡುಗ ಬಂದು ಗಾಡಿಯ ಫೋಟೋ ತೆಗೆದುಕೊಂಡು ಹೋದ. ಒಂಬತ್ತನೇ ದಿನ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸಿದ ಬದಲಾವಣೆಯ ಪತ್ರ, ಬಂತು. ಪಾಲಿಸಿಯ ಶೆಡ್ಯೂಲ್‌ನಲ್ಲೇ ರೀಮ್ಯಾಪ್, ಇನ್‌ಟೇಕ್, ಮ್ಯೂಸಿಕ್ ಸಿಸ್ಟಂನ ಆಂಪ್ಲಿಫೈಯರ್ ಮೂರರ ಹೆಸರೂ ಇತ್ತು.

ಇನ್ನು ದುಡ್ಡಿನ ವಿಷಯ, ಎಲ್ಲರೂ ಕೇಳುವುದು ಅದನ್ನೇ. ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿ ಮೇಲೆ ನಿಂತಿದೆ, ಪವರ್ ಮೇಲೆ ಅಲ್ಲ. ನನ್ನದು 999 ಸಿಸಿ. ಸಾವಿರ ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿ ಮಾಡಿದ್ದು 2,094 ರೂಪಾಯಿ, ರೀಮ್ಯಾಪ್ ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ. ಅದೂ ಮೊದಲ ಮೂರು ವರ್ಷದ್ದು ಗಾಡಿ ತಗೊಳ್ಳುವಾಗಲೇ ಒಟ್ಟಿಗೆ ಕಟ್ಟಿದ್ದೆ. ಜಾಸ್ತಿ ಆಗಿದ್ದು ಓನ್ ಡ್ಯಾಮೇಜ್ ಕಡೆ, ಅಂದರೆ ನನ್ನ ಗಾಡಿಗೆ ಆಗುವ ಹಾನಿಯ ಪ್ರೀಮಿಯಂ. 9,200 ಇದ್ದದ್ದಕ್ಕೆ ರೀಮ್ಯಾಪ್ ಇದೆ ಅಂತ 15 ಪರ್ಸೆಂಟ್ ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ), ಅಂದರೆ 1,380. ಆಂಪ್ಲಿಫೈಯರ್, ಸಬ್‌ವೂಫರ್ ಸೇರಿ 38,000ದ ಬಿಲ್ಲು, ಅದಕ್ಕೆ 4 ಪರ್ಸೆಂಟ್ ಲೆಕ್ಕದಲ್ಲಿ 1,520. ಜಿಎಸ್‌ಟಿ 18 ಪರ್ಸೆಂಟ್ ಸೇರಿ ಒಟ್ಟು 3,422 ರೂಪಾಯಿ ಹೆಚ್ಚು. ರೀಮ್ಯಾಪ್‌ಗೆ ಸುರಿದ ದುಡ್ಡಿನ ಮುಂದೆ ಇದೇನು ಮಹಾ. ಆದರೆ ಲೋಡಿಂಗ್ ಎಷ್ಟು ಅನ್ನುವುದು ಅವರವರ ಕಂಪನಿಗೆ ಬಿಟ್ಟಿದ್ದು, ಇನ್ನೊಂದು ಕಂಪನಿಯವರು ರೀಮ್ಯಾಪ್ ಅಂದ ಕೂಡಲೇ ಆಗಲ್ಲ ಅಂತ ಫೋನ್ ಇಟ್ಟರು.

ಈಗ ಎಡವಟ್ಟಿನ ಕಥೆ. 2023ರ ಫೆಬ್ರವರಿಯಲ್ಲಿ 16 ಇಂಚಿನ ಕಂಪನಿ ವೀಲ್ ತೆಗೆದು 17 ಇಂಚಿನ ಅಲಾಯ್ ಹಾಕಿಸಿದೆ, ಗಾಡಿಯ ಎತ್ತರ ತಗ್ಗಿಸುವ ಲೋಯರಿಂಗ್ ಸ್ಪ್ರಿಂಗ್ ಕೂಡ. ಎಂಡಾರ್ಸ್‌ಮೆಂಟ್ ಇದೆಯಲ್ಲ, ಅದರಲ್ಲೇ ಎಲ್ಲ ಬರುತ್ತೆ ಅಂದುಕೊಂಡೆ. ದಡ್ಡತನ. ಜುಲೈನಲ್ಲಿ ಅಂತರಸನಹಳ್ಳಿ ಹತ್ತಿರ ಸರ್ವಿಸ್ ರೋಡ್‌ನಲ್ಲಿ ಒಂದು ಟಿವಿಎಸ್ ಎಕ್ಸೆಲ್ ಎದುರಿಗೆ ರಾಂಗ್ ಸೈಡ್‌ನಲ್ಲಿ ಬಂತು, ಹಿಂದೆ ಎರಡು ಮೂಟೆ. ಎಡಕ್ಕೆ ಎಳೆದೆ, ಚರಂಡಿ ಕಲ್ಲಿಗೆ ಹೊಡೆಯಿತು. ಎಕ್ಸೆಲ್‌ನವರು ನಿಲ್ಲಿಸಿ, "ಏನೂ ಆಗಿಲ್ಲ ತಾನೇ ಸ್ವಾಮಿ?" ಅಂತ ಕೇಳಿ ಹೊರಟೇ ಹೋದರು. ಬಂಪರ್, ಎಡಗಡೆ ಹೆಡ್‌ಲೈಟ್, ಫೆಂಡರ್, ರೇಡಿಯೇಟರ್, ಲೋಯರ್ ಆರ್ಮ್, ಒಂದು ವೀಲು, ಒಂದು ಟೈರು ಹೋದವು.

ಹಾನಿ ನೋಡಲು ಬಂದ ಇನ್ಶೂರೆನ್ಸ್ ಸರ್ವೇಯರ್ ವಯಸ್ಸಾದವರು. ಜೇಬಿನಿಂದ ಸಣ್ಣ ಟಾರ್ಚ್ ತೆಗೆದು ಇನ್‌ಟೇಕ್ ಮೇಲೆ ಬಿಟ್ಟರು, ನನ್ನ ಮುಖ ನೋಡಿದರು. ನಾನು ಎಂಡಾರ್ಸ್‌ಮೆಂಟ್ ಪ್ರಿಂಟ್ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿ, ಹ್ಞೂಂ ಅಂದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಟೈರಿನ ಕೆಸರು ಹೆಬ್ಬೆರಳಿನಿಂದ ಒರೆಸಿ ಸೈಜ್ ಓದಿದರು. 205/45 ಆರ್ 17. "ಇದು ಎಲ್ಲಿದೆಯಪ್ಪಾ ಇದರಲ್ಲಿ?" ಅಂದರು. ಇರಲಿಲ್ಲ. ಒಡೆದ ವೀಲಿನ ಸಂದಿಯಿಂದ ಕೆಂಪು ಸ್ಪ್ರಿಂಗ್ ಬೇರೆ ಎದ್ದು ಕಾಣುತ್ತಿತ್ತು. ಕಪ್ಪು ಬಣ್ಣದ್ದು ತಗೋ ಅಂತ ಮೆಕ್ಯಾನಿಕ್ ಆವಾಗಲೇ ಹೇಳಿದ್ದ.

ಕಂಪನಿಯಿಂದ ವೇಗ ಎಷ್ಟಿತ್ತು, ಎಲ್ಲಿಗೆ ಹೋಗುತ್ತಿದ್ದಿರಿ ಅಂತ ಒಂದು ಪತ್ರ ಬಂತು. ಉತ್ತರ ಬರೆದೆ. ಹನ್ನೊಂದು ದಿನಕ್ಕೆ ಕ್ಲೇಮ್ ಪಾಸ್ ಆಯಿತು. ಗ್ಯಾರೇಜಿನ ಬಿಲ್ 1,38,400, ಕಂಪನಿ ಕೊಟ್ಟಿದ್ದು 1,11,600. ಕೈಯಿಂದ ಹೋದ 26,800ರಲ್ಲಿ ಸ್ಪ್ರಿಂಗ್ 9,000, ಅದಕ್ಕೆ ಒಂದು ಪೈಸೆಯೂ ಕೊಡಲಿಲ್ಲ. ವೀಲಿಗೆ ಕಂಪನಿ ವೀಲಿನ ಬೆಲೆ ಮಾತ್ರ ಕೊಟ್ಟರು, ಅಲ್ಲಿ 5,500 ನನ್ನ ತಲೆಗೆ ಬಂತು. ಟೈರಿಗೆ ಅರ್ಧ ದುಡ್ಡು, 4,300, ಸವಕಳಿ ಕಳೆಯದೆ ಪೂರ್ತಿ ಕೊಡುವ ನನ್ನ ಝೀರೋ ಡೆಪ್‌ನಲ್ಲಿ ಟೈರ್ ಸೇರುವುದಿಲ್ಲ. ಕೂಲೆಂಟ್, ಎಸಿ ಗ್ಯಾಸ್, ನಟ್ಟು ಬೋಲ್ಟು ಅಂತ 7,000. ಉಳಿದ ಸಾವಿರ ಕಡ್ಡಾಯ ಕಡಿತ. ಇನ್‌ಟೇಕ್ ಪೈಪ್ ಬಿರುಕು ಬಿಟ್ಟಿತ್ತು, ಅದಕ್ಕೆ ಪೂರ್ತಿ ಕೊಟ್ಟರು, ಹೆಸರು ಪಟ್ಟಿಯಲ್ಲಿ ಇತ್ತಲ್ಲ. ಅಕ್ಟೋಬರ್‌ನಲ್ಲಿ 35 ಪರ್ಸೆಂಟ್ ಆಗಬೇಕಿದ್ದ ನೋ ಕ್ಲೇಮ್ ಬೋನಸ್ ಸೊನ್ನೆಗೆ ಬಂತು, ಅದು ಹೊಟ್ಟೆ ಉರಿಸಿದ್ದು ನಿಜ.

ಎರಡು ವಿಷಯ ನಮ್ಮಂಥ ಸಾಮಾನ್ಯ ಪಾಲಿಸಿಯಿಂದ ಬರುವುದಿಲ್ಲ ಅಂತ ಮೇಡಂ ಮೊದಲೇ ಹೇಳಿದ್ದರು. ಒಂದು, ರೀಮ್ಯಾಪ್‌ನಿಂದ ಟರ್ಬೋನೋ ಗೇರ್‌ಬಾಕ್ಸೋ ತಾನಾಗೇ ಕೈಕೊಟ್ಟರೆ ಅದು ಮೆಕ್ಯಾನಿಕಲ್ ಬ್ರೇಕ್‌ಡೌನ್, ಆಕ್ಸಿಡೆಂಟ್ ಅಲ್ಲ. ಇನ್ನೊಂದು, ರೇಸು, ಸ್ಪೀಡ್ ಟೆಸ್ಟಿಂಗ್. ಡ್ರ್ಯಾಗ್ ಈವೆಂಟಿಗೆ ಹೋಗಿ ಗೋಡೆಗೆ ಗುದ್ದಿದರೆ ಗಾಡಿಯನ್ನು ಅಲ್ಲೇ ಮರೆತುಬಿಡಿ.

ಇನ್ಶೂರೆನ್ಸ್‌ನವರು ಒಪ್ಪಿದರೆ ಆರ್‌ಟಿಓ, ಪೊಲೀಸರೂ ಒಪ್ಪಿದ ಹಾಗಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಗಾಡಿ ತಯಾರಿಸಿದ ಕಂಪನಿ ಮಾಡಿಕೊಟ್ಟದ್ದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಸಿಕ್ಕಿಬಿದ್ದರೆ ಒಂದೊಂದು ಬದಲಾವಣೆಗೂ 5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾನು ಮೊದಲ ವರ್ಷ ಹಾಕಿಸಿದ್ದ ಎಕ್ಸಾಸ್ಟ್ ಅನ್ನು ಆವಾಗಲೇ ತೆಗೆಸಿ ಕಂಪನಿದೇ ಹಾಕಿಸಿದೆ. ದೇವರಾಯನದುರ್ಗದ ತಿರುವುಗಳಲ್ಲಿ ಆ ಸೌಂಡ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬೆಳಿಗ್ಗೆ ಐದಕ್ಕೆ ಗಾಡಿ ತೆಗೆದರೆ ಎದುರು ಮನೆ ಅಜ್ಜಿ ಮಾತ್ರ ಇಡೀ ದಿನ ಬೈಯುತ್ತಿದ್ದರು.

ಕ್ಲೇಮ್ ಮುಗಿದ ವಾರವೇ ವೀಲಿನ ಬಿಲ್ ಹಿಡಿದುಕೊಂಡು ಬ್ರಾಂಚ್‌ಗೆ ಹೋಗಿ ಅದನ್ನೂ ಸೇರಿಸಿದೆ. ಸ್ಪ್ರಿಂಗ್‌ಗೆ ಒಪ್ಪಲಿಲ್ಲ, ಕಂಪನಿದೇ ವಾಪಸ್ ಹಾಕಿಸಿದೆ. ನಮ್ಮೂರಿನ ಹಂಪ್‌ಗಳಿಗೆ ಅದೇ ಸರಿ. ಕಳೆದ ರಿನ್ಯೂವಲ್‌ನಲ್ಲಿ ಬೇರೆ ಕಂಪನಿಯವರು 1,800 ಕಡಿಮೆಗೆ ಕೊಡುತ್ತೇವೆ ಅಂದರು. ಹಳೆಯ ಎಂಡಾರ್ಸ್‌ಮೆಂಟ್ ನಡೆಯುತ್ತಾ ಅಂತ ಕೇಳಿದೆ. ಇಲ್ಲ, ಎಲ್ಲ ಮೊದಲಿಂದ ಅಂದರು. ಬಿಟ್ಟುಬಿಟ್ಟೆ.

ಅರ್ಧ ಮಾರ್ಕ್ಸ್ ಕಳೆದಿದ್ದು ವೀಲಿನ ವಿಷಯಕ್ಕೆ, ಅಲ್ಲಿ ನನ್ನ ತಪ್ಪೂ ಇದೆ. ಒಂದು ಪೂರ್ತಿ ಮಾರ್ಕ್ಸ್ ಕಳೆದಿದ್ದು ಆ ಕಸ್ಟಮರ್ ಕೇರ್‌ಗೆ. ಮುಂದಿನ ತಿಂಗಳು ಮುಂಭಾಗದ ಬ್ರೇಕ್ ಡಿಸ್ಕ್ ದೊಡ್ಡದು ಹಾಕಿಸಬೇಕು ಅಂತಿದೆ, ಬಿಲ್ ಬಂದ ದಿನವೇ ಬ್ರಾಂಚ್‌ಗೆ ಹೋಗಬೇಕು. ಮೇಡಂಗೆ ಹಾಸನಕ್ಕೆ ಟ್ರಾನ್ಸ್‌ಫರ್ ಆಗಿದೆಯಂತೆ. ಹೊಸಬರಿಗೆ ರೀಮ್ಯಾಪ್ ಅಂದರೆ ಏನು ಅಂತ ಮತ್ತೆ ಮೊದಲಿಂದ ಹೇಳಬೇಕು.